ಏಳನೇ ನಂಬರಿನ ಒಡ್ಡು

ಗಂಗಾಮಣಿ ಏನು ಕೆಲಸ ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ಅವಳ ಗಂಡ ರವಿಚಂದ್ರನೇ ತಲೆ ಕೆರೆದುಕೊಳ್ಳುತ್ತಿದ್ದ. ಅವನು ಸಕಲೇಶಪುರದ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುವ ಮನುಷ್ಯ. ಜೊತೆಯವರ ಹೆಂಡತಿಯರು ಟೀಚರು, ನರ್ಸು, ಎಸ್ಟೇಟ್ ಆಫೀಸಿನ ಕ್ಲರ್ಕು. ತನ್ನವಳು? "ಅವಳಾ, ಹಳ್ಳ ಬರೀತಾಳೆ ಕಣ್ರೀ," ಅಂದುಬಿಡುತ್ತಿದ್ದ. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ, ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಗತಿ ಏನಪ್ಪಾ ಅಂದರೆ, ಕರಾವಳಿಯಿಂದ ಡೀಸೆಲ್ಲು, ಸೀಮೆಎಣ್ಣೆ, ಆಸಿಡ್ಡು ಹೊತ್ತ ಟ್ಯಾಂಕರುಗಳು ಘಾಟಿ ಹತ್ತಿ ದೋಣಿಗಲ್, ಆನೇಮಹಲ್ ದಾಟಿ ಹೋಗುತ್ತಲೇ ಇರುತ್ತವೆ. ತಿರುವಿನಲ್ಲಿ ಒಂದೊಂದು ಮಗುಚಿಕೊಳ್ಳುತ್ತದೆ. ರಸ್ತೆಯ ಕೆಳಗೆ ಮೋರಿ, ಮೋರಿಯ ಕೆಳಗೆ ಹಳ್ಳ, ಹಳ್ಳದ ಕೆಳಗೆ ಯಾರದೋ ಕುಡಿಯುವ ನೀರಿನ ಬಾವಿ. ಚೆಲ್ಲಿದ ಎಣ್ಣೆ ಯಾವ ಹಳ್ಳ ಹಿಡಿದು ಹೋಗುತ್ತದೆ, ಎಷ್ಟು ಹೊತ್ತಿಗೆ ಯಾರ ಕೊಡಕ್ಕೆ ಬಂದು ಸೇರುತ್ತದೆ, ದಾರಿಯಲ್ಲಿ ಎಲ್ಲಿ ಅಡ್ಡಗಟ್ಟಿ ನಿಲ್ಲಿಸಬಹುದು, ಅಲ್ಲಿಗೆ ಜೀಪು ಹೋಗುತ್ತದಾ ಇಲ್ಲಾ ನಡೆಯಬೇಕಾ, ಹತ್ತಿರದಲ್ಲಿ ಯಾರ ಮನೆಯಲ್ಲಿ ಫೋನಿದೆ. ಇಷ್ಟನ್ನೂ ಮೊದಲೇ ನಕ್ಷೆ ಮಾಡಿಡುವ ಕೆಲಸ 2001ರಲ್ಲಿ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಗೆ ಬಂತು. ಅವರು ಸಕಲೇಶಪುರದಲ್ಲಿ ಒಂದು ಕೋಣೆ ಹಿಡಿದು, ಮಂಗಳೂರು ಕಡೆಯ ಲಿಯಾನ್ ಅನ್ನುವ ಎಂಜಿನಿಯರನ್ನು ಕೂರಿಸಿದರು. ಅವನಿಗೆ ನಕ್ಷೆಯ ಸಹಾಯಕಿಯಾಗಿ ಸಿಕ್ಕಿದವಳು ನಮ್ಮ ಗಂಗಾಮಣಿ.

ಸಿಕ್ಕಿದ್ದು ಅವನ ಪುಣ್ಯ ಅನ್ನಿ. ಹಾಸನದ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿದವಳು, ಹತ್ತು ವರ್ಷ ಒಬ್ಬ ಖಾಸಗಿ ಸರ್ವೆಯವರ ಹತ್ತಿರ ಎಸ್ಟೇಟುಗಳ ಗಡಿ ಬರೆದವಳು. ಗೆರೆ ಎಳೆದರೆ ನೋಡುತ್ತಾ ಕೂರಬೇಕು, ಅಷ್ಟು ಚೆನ್ನ. ಆದರೆ ಅವಳ ದೊಡ್ಡ ಗುಣ ಗೆರೆಯಲ್ಲಿ ಇರಲಿಲ್ಲ, ಕಾಲಿನಲ್ಲಿತ್ತು. ತಾನು ನಡೆಯದ ಹಳ್ಳವನ್ನು ಅವಳು ಬರೆಯುತ್ತಿರಲಿಲ್ಲ. ರಬ್ಬರ್ ಚಪ್ಪಲಿ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಸೊಂಟದಲ್ಲಿ ಜಿಗಣೆಗೆಂದು ಉಪ್ಪಿನ ಗಂಟು, ಹೆಗಲಲ್ಲಿ ಟೋಪೋಶೀಟು, ಅಂದರೆ ಸರ್ಕಾರದ ಸರ್ವೆ ನಕ್ಷೆ, ಸುತ್ತಿಟ್ಟ ಕೊಳವೆ. ಕಾಫಿ ಕೊಯ್ಯುವ ಹೆಂಗಸರು ಗಿಡದ ಸಂದಿಯಿಂದ ಕೂಗುತ್ತಿದ್ದರು, "ಏನ್ ಗಂಗಕ್ಕಾ, ಹಳ್ಳ ಎಲ್ಲಿಗ್ ಹೋಗ್ತೈತೆ ಅಂತ ಇನ್ನೂ ಸಿಕ್ಲಿಲ್ವಾ?" ಅವಳು, "ನೀರಿಗೇ ಗೊತ್ತಿಲ್ಲ ಕಣ್ರವ್ವಾ, ನಂಗೆಲ್ಲಿ ಗೊತ್ತಾಗ್ಬೇಕು," ಅಂತ ಮುಂದೆ ಹೋಗುತ್ತಿದ್ದಳು.

ಎಣ್ಣೆ ಎಷ್ಟು ಬೇಗ ಹರಿಯುತ್ತದೆ ಅಂತ ಅಳೆಯಲು ಲಿಯಾನ್ ಮೊದಮೊದಲು ಮರದ ಚೂರುಗಳನ್ನು ತೇಲಿಬಿಡುತ್ತಿದ್ದ. ಅವು ಹತ್ತು ಮಾರು ಹೋಗಿ ಕಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದವು. "ಸಾರ್, ಕಿತ್ತಳೆ ಬಿಡೋಣ," ಅಂದಳು ಗಂಗಾಮಣಿ. "ತೇಲ್ತದೆ, ಉರುಳ್ತದೆ, ದೂರಕ್ಕೂ ಕಾಣ್ತದೆ. ಕಾಫಿ ತೋಟದಲ್ಲಿ ಬೇಕಾದಷ್ಟು ಬಿದ್ದವೆ." ಲಿಯಾನ್ ಅವಳ ಮುಖ ನೋಡಿ, "ಎಂತ ಮಾರಾಯ್ರೆ, ಇಷ್ಟು ದಿನ ಹೇಳ್ಲಿಕ್ಕೆ ಏನಾಗಿತ್ತು?" ಅಂದ. ಅವತ್ತಿನಿಂದ ಮೋರಿಯ ಹತ್ತಿರ ಹನ್ನೆರಡು ಕಿತ್ತಳೆ ಬಿಡುವುದು, ಕೆಳಗೆ ವಾಚು ಹಿಡಿದು ಕಾಯುವುದು. ಹೆಂಗಸೊಬ್ಬಳು ದಿನಾ ಹಳ್ಳಕ್ಕೆ ಹಣ್ಣು ಬಿಡುತ್ತಾಳೆ, ಪಾಪ ಏನೋ ಹರಕೆ ಇರಬೇಕು ಅಂತ ಜನ ಮಾತಾಡಿಕೊಂಡರು.

ಇನ್ನು ಅವಳ ತವರಿನ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳದೆ ಈ ಕಥೆ ಮುಂದೆ ಹೋಗಲ್ಲ. ಅವಳ ತವರು ನೇರಳೆಗೋಡು. ಅಪ್ಪ ಅವ್ವ ಬೇಗ ತೀರಿಕೊಂಡರು. ತವರು ಅಂದರೆ ಅಣ್ಣ ಯೋಗಾನಂದ, ಅತ್ತಿಗೆ ಜಗದಾಂಬ, ಮೂರೆಕರೆ ಕಾಫಿ, ಅಷ್ಟೇ. ಸಕಲೇಶಪುರದ ಹೈಸ್ಕೂಲಿಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದವನು ಆ ಅಣ್ಣ. "ಹೆಣ್ ಮಗೀಗೆ ಐಟಿಐ ಯಾಕ್ಲಾ" ಅಂದ ದೊಡ್ಡಪ್ಪನಿಗೆ "ನಿಂಗ್ಯಾಕೆ ದೊಡ್ಡಪ್ಪಾ ಅದು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದವನು ಅವನೇ. ಅವಳ ಮೊದಲ ಡ್ರಾಯಿಂಗ್ ಬಾಕ್ಸು ಅವನು ಹಾಸನದಿಂದ ತಂದುಕೊಟ್ಟದ್ದು. ಪ್ರತಿ ಗೌರಿ ಹಬ್ಬಕ್ಕೂ ತಂಗಿಯ ಮನೆಗೆ ತಾನೇ ಮೊರದ ಬಾಗಿನ ಹೊತ್ತುಕೊಂಡು ಬರುತ್ತಿದ್ದ, ಯಾರ ಕೈಲೂ ಕಳಿಸುತ್ತಿರಲಿಲ್ಲ.

ಆನೇಮಹಲ್ಲಿಗೂ ದೋಣಿಗಲ್ಲಿಗೂ ನಡುವೆ ಹೆದ್ದಾರಿಯ ಒಂದು ಮೋರಿಯಿಂದ ಸೀಗೆಹಳ್ಳ ಇಳಿಯುತ್ತದೆ. ಸರ್ಕಾರದ ಟೋಪೋಶೀಟಿನಲ್ಲಿ ಅದು ನೇರ ಹೊಸಗದ್ದೆ ಅನ್ನುವ ಊರಿಗೆ ಹೋಗುತ್ತದೆ. ಕಾಗದದ ಮಾತು ಅದು. ಹೂವಿನ ನೀರಿನ ಕಾಲ ಬಂದಾಗ, ಅಂದರೆ ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುವ ಎರಡು ಮೂರು ತಿಂಗಳು, ನೇರಳೆಗೋಡಿನವರು ಒಂದು ಹೊನ್ನೆಮರದ ಬುಡದಲ್ಲಿ ಕಲ್ಲು, ಮಣ್ಣು, ಸೊಪ್ಪು ತುಂಬಿ ಒಡ್ಡು ಹಾಕುತ್ತಾರೆ. ನೀರು ಪಕ್ಕದ ಕಾಲುವೆ ಹಿಡಿದು, ದಿಣ್ಣೆಯ ತಗ್ಗು ದಾಟಿ, ನೇರಳೆಗೋಡಿನ ಕೆರೆಗೆ ಬೀಳುತ್ತದೆ. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಹೊಸಗದ್ದೆಯವರು ಬೇಸಿಗೆಯಲ್ಲಿ ಹಳ್ಳ ಸೊರಗಿತು ಅಂತ ಆಕಾಶ ಬೈಯುತ್ತಾರೆ. ಯಾರಾದರೂ ಆಫೀಸರ ಜೀಪು ಬರುತ್ತದೆ ಅಂತ ಸುದ್ದಿ ಬಂದರೆ ಸಾಕು, ನಾಲ್ಕು ಜನ ಗುದ್ದಲಿ ಹಿಡಿದು ಒಡ್ಡು ಕಿತ್ತು ಹಾಕುತ್ತಾರೆ. ಜೀಪು ಅತ್ತ ಹೋದಮೇಲೆ ಮತ್ತೆ ಇತ್ತ ಕಟ್ಟುತ್ತಾರೆ. ಕಂದಾಯದವರು, ನೀರಾವರಿಯವರು, ಎಲೆಕ್ಷನ್ನಿನವರು, ಎಲ್ಲರಿಗೂ ಇದೇ ಮರ್ಯಾದೆ.

2002ರ ಜನವರಿಯಲ್ಲಿ ಲಿಯಾನನ ಜೀಪು ಬಂದಾಗಲೂ ಅದೇ ಆಯಿತು. ಹನ್ನೆರಡು ಕಿತ್ತಳೆಯೂ ಸಾಲಾಗಿ ಹೊಸಗದ್ದೆಗೆ ಬಂದು ನಿಂತವು. ಲಿಯಾನ್ ಖುಷಿಯಾಗಿ ಪುಸ್ತಕದಲ್ಲಿ ಸಮಯ ಬರೆದುಕೊಂಡ. ಗಂಗಾಮಣಿ ಹೊನ್ನೆಮರದ ಬುಡ ನೋಡಿದಳು. ಹಸಿ ಮಣ್ಣು, ಅಗೆದ ಗುರುತು, ಬಾಡದ ಸೊಪ್ಪು. ಸ್ವಲ್ಪ ದೂರದಲ್ಲಿ ಯೋಗಾನಂದ ಗುದ್ದಲಿಗೆ ಗಲ್ಲ ಊರಿ ನಿಂತು, ತಂಗಿಯನ್ನೇ ನೋಡುತ್ತಿದ್ದ. ಅವಳು ಬಾಯಿ ಬಿಡಲಿಲ್ಲ. ಟೋಪೋಶೀಟಿನಲ್ಲಿ ಇದ್ದ ಹಾಗೆ ನೀಲಿ ಗೆರೆ ಎಳೆದಳು. ತಾನೇ ನಡೆದು ನೋಡಿ ಸುಳ್ಳು ಬರೆದ ಒಂದೇ ಗೆರೆ ಅದು, ಅದನ್ನು ನೆನೆಸಿಕೊಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೂರನೇ ವಾರ ತಡೆಯಲಾರದೆ, ಒಂದು ಭಾನುವಾರ ತನ್ನ ಖರ್ಚಿನಲ್ಲೇ ಒಂದು ಡಜನ್ ಕಿತ್ತಳೆ ಕೊಂಡು, ಒಂದೊಂದಕ್ಕೂ ಕೆಂಪು ಬಣ್ಣದ ಬೊಟ್ಟಿಟ್ಟು, ಮೋರಿಯ ಹತ್ತಿರ ಬಿಟ್ಟು ಹಿಂದೆಯೇ ನಡೆದಳು. ಹೊನ್ನೆಮರದ ತನಕ ನಲವತ್ತು ನಿಮಿಷ. ಒಡ್ಡು ಗಟ್ಟಿಯಾಗಿ ಕೂತಿತ್ತು. ಹಣ್ಣುಗಳು ಒಡ್ಡಿಗೆ ತಲೆ ತಾಗಿಸಿ, ಎಡಕ್ಕೆ ತಿರುಗಿ, ಕಾಲುವೆ ಹಿಡಿದು ಹೊರಟವು. ಒಂದು ಗಂಟೆ ಐವತ್ತು ನಿಮಿಷಕ್ಕೆ ಕೆರೆ. ಅವಳು ಏದುಸಿರು ಬಿಡುತ್ತಾ ಏರಿಯ ಮೇಲೆ ಬಂದರೆ, ಅತ್ತಿಗೆ ಜಗದಾಂಬ ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ.

"ಬಾ ಗಂಗಾ, ಒಳ್ಳೆ ಹೊತ್ಗೇ ಬಂದೆ. ತೇಲ್ಕಂಡ್ ಬಂತು ನೋಡು. ಯಾವನೋ ಬಣ್ಣ ಬಳ್ದವ್ನೆ ತಿಕ್ಕಲ," ಅಂತ ನಾಲ್ಕು ತೊಳೆ ಅವಳ ಕೈಗಿಟ್ಟಳು.

ಬಾವಿ ಇದ್ದದ್ದು ಕೆರೆಯ ಮಗ್ಗುಲಲ್ಲೇ, ಕೆರೆಯ ನೀರೇ ಬಸಿದು ತುಂಬುವ ಬಾವಿ. ಐವತ್ತು ಮನೆಯ ಟ್ಯಾಂಕಿಗೆ ನೀರು ಹೋಗುವುದು ಅಲ್ಲಿಂದ. ಗಂಗಾಮಣಿ ತೊಳೆ ಬಾಯಿಗಿಡಲಿಲ್ಲ. ಕಿತ್ತಳೆ ಬಂದ ದಾರಿಯಲ್ಲಿ ಡೀಸೆಲ್ ಬಾರದೆ ಇರುತ್ತದಾ? ಟ್ಯಾಂಕರ್ ಮಗುಚಿದ ದಿನ ಎಲ್ಲರೂ ಅವಳು ಬರೆದ ನಕ್ಷೆ ನಂಬಿಕೊಂಡು ಹೊಸಗದ್ದೆಗೆ ಓಡುತ್ತಾರೆ. ಇಲ್ಲಿ ಅತ್ತಿಗೆ ಕೊಡ ತುಂಬುತ್ತಿರುತ್ತಾಳೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿಯೇಬಿಟ್ಟಳು. "ಅಣ್ಣಾ, ಒಡ್ಡು ನಕ್ಷೇಲಿ ಹಾಕ್ತೀನಿ."

ಯೋಗಾನಂದ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಸಿದ. "ತಮಾಸೆ ಮಾಡ್ತಿದೀಯಾ?"

"ಇಲ್ಲ. ಎಣ್ಣೆ ಚೆಲ್ಲುದ್ರೆ ಸೀದಾ ನಮ್ ಬಾವಿಗೇ ಬರ್ತೈತೆ. ನಾನೇ ನೋಡ್ಕಂಡ್ ಬಂದೆ."

"ಯಾವತ್ತೋ ಚೆಲ್ಲೋ ಎಣ್ಣೆಗೆ ಇವತ್ತೇ ನಮ್ ನೀರ್ ನಿಲ್ಲಿಸ್ತೀಯಾ? ಆ ನಕ್ಷೆ ತಾಲ್ಲೂಕಾಪೀಸಿಗೆ ಹೋಗ್ತೈತೆ, ಪೊಲೀಸ್ ಸ್ಟೇಷನ್ನಿಗೆ ಹೋಗ್ತೈತೆ. ಹೊಸಗದ್ದೆಯೋರು ಸುಮ್ನಿರ್ತಾರಾ? ಹೂವಿನ ನೀರಿಲ್ದೆ ಮೂರೆಕರೆ ಇಟ್ಕಂಡು ನಾನೇನ್ ಬೂದಿ ತಿನ್ನಲಾ?" ಅವನು ಎದ್ದು ಕೈ ತೊಳೆದ. "ಉಂಡ ಮನೆ ಜಂತೆ ಎಣಿಸೋಕೆ ಅಂತ್ಲೇ ನಿಂಗೆ ಓದ್ಸಿದ್ನೇನೋ ನಾನು. ಬರೀ ಹೋಗು. ಬರ್ದ್ ಮ್ಯಾಲೆ ಈ ಹೊಸ್ಲು ತುಳೀಬ್ಯಾಡ."

ಇರುವುದೊಂದು ತವರು. ಎಂಟು ದಿನ ಅವಳಿಗೆ ಅಣ್ಣನ ಮಾತು ಬಿಸಿತುಪ್ಪವಾಗಿ ಕೂತಿತು, ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ಒಂಬತ್ತನೇ ದಿನ ಲಿಯಾನನ ಮೇಜಿನ ಮುಂದೆ ನಿಂತು ಎಲ್ಲ ಹೇಳಿದಳು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಸಾರ್."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಮ್ಮಣ್ಣ ಎದುರಿಗೇ ನಿಂತಿದ್ದ ಸಾರ್."

ಲಿಯಾನನಿಗೆ ಸಿಟ್ಟು ಬಂದಿತ್ತು, ಆದರೆ ಅವಳ ಮುಖ ನೋಡಿ ಇಳಿದುಹೋಯಿತು. "ಒಂದು ಕೆಲಸ ಮಾಡುವ. ಈ ಶೀಟಿಗೆ ನಿಮ್ಮ ಹೆಸರು ಬೇಡ. ನಾನೇ ಕಂಡುಹಿಡಿದದ್ದು ಅಂತ ಬರೀತೇನೆ. ನಿಮ್ಮ ತವರು ಉಳೀತದೆ," ಅಂದ.

ಎಂಥಾ ಆಸೆ ಹುಟ್ಟಿಸುವ ಮಾತು! ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಒಪ್ಪಿಕೊಳ್ಳುತ್ತಿದ್ದರು. ನಾನಾಗಿದ್ದರೆ ಖಂಡಿತ ಒಪ್ಪುತ್ತಿದ್ದೆ. ಗಂಗಾಮಣಿ ತಲೆ ಅಲ್ಲಾಡಿಸಿದಳು. "ಎಲ್ಲಾ ಶೀಟಿನ ಮೂಲೇಲೂ 'ನಡೆದು ನೋಡಿದವರು: ಗಂಗಾಮಣಿ' ಅಂತ ಐತೆ ಸಾರ್. ಇದೊಂದಕ್ಕೆ ಮಾತ್ರ ಇಲ್ಲ ಅಂದ್ರೆ ಹೆಂಗೆ? ನಡೆದಿದ್ದು ನಾನೇ ಅಲ್ವಾ."

ಆದರೆ ಅವಳು ಬರೀ ಒಡ್ಡು ಬರೆದು ಕೈ ತೊಳೆದುಕೊಳ್ಳಲಿಲ್ಲ, ಅದೇ ನನಗೆ ಇಷ್ಟವಾಗುವುದು. ಒಡ್ಡಿನ ಹಿಂದೆ ನೀರು ಅಗಲವಾಗಿ, ನಿಧಾನವಾಗಿ ನಿಲ್ಲುತ್ತದೆ ಅಂತ ಅವಳು ಗಮನಿಸಿದ್ದಳು. ಎಣ್ಣೆ ಹಿಡಿಯಲು ಇಡೀ ಹಳ್ಳದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಗಾಗಿ ಅದನ್ನು ಕದ್ದ ನೀರಿನ ಒಡ್ಡು ಅಂತ ಬರೆಯಲಿಲ್ಲ, ಎಣ್ಣೆ ತಡೆಯುವ ಜಾಗ ಅಂತ ಬರೆದಳು. ಹೆದ್ದಾರಿಯುದ್ದಕ್ಕೂ ಅಂಥ ಇಪ್ಪತ್ತಮೂರು ಜಾಗ ಗುರುತಿಸಿದ್ದರು, ಇದಕ್ಕೆ ಏಳನೇ ನಂಬರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಜನವರಿಯಿಂದ ಮೊದಲ ಮಳೆ ತನಕ ನೀರು ಎಡಕ್ಕೂ ಹೋಗಬಹುದು, ಮೊದಲು ನೇರಳೆಗೋಡಿಗೆ ಫೋನ್ ಮಾಡಿ ಕೇಳಿ. ಅದರ ಮುಂದೆ ಯೋಗಾನಂದನ ಮನೆಯ ನಂಬರು.

ಮುಂದೆ ಆಗಬೇಕಾದ್ದು ಆಯಿತು. ತಾಲ್ಲೂಕು ಕಚೇರಿಯ ಮೀಟಿಂಗಿನಲ್ಲಿ ನಕ್ಷೆ ಬಿಚ್ಚಿದಾಗ ಹೊಸಗದ್ದೆಯ ಹಿರಿಯ ಚನ್ನಬಸವಯ್ಯ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಓಹೋ! ಮೂವತ್ ವರ್ಸ ಮಳೆರಾಯನ್ನ ಬೈಯ್ದೆನಲ್ಲಪ್ಪಾ, ಪಾಪ ಅವನ್ದೇನೂ ತಪ್ಪಿರ್ಲಿಲ್ಲ!" ಎರಡೂ ಊರು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ, ಕೊನೆಗೆ ಪಂಚಾಯ್ತಿ ಸೇರಿ, ವಾರದಲ್ಲಿ ಮೂರು ದಿನ ನೇರಳೆಗೋಡಿಗೆ, ನಾಲ್ಕು ದಿನ ಹೊಸಗದ್ದೆಗೆ ಅಂತ ತೀರ್ಮಾನವಾಯಿತು. ನೇರಳೆಗೋಡಿನವರು ಯೋಗಾನಂದನನ್ನು ಬಿಡಲಿಲ್ಲ. ನಿನ್ನ ತಂಗಿ, ನಿನ್ನ ತಂಗಿ ಅಂತ ಎಲ್ಲಿ ಹೋದರೂ ಚುಚ್ಚಿದರು. ಆ ವರ್ಷದ ಗೌರಿ ಹಬ್ಬಕ್ಕೆ ಅವನು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಗಂಗಾಮಣಿ ಎರಡು ಹಬ್ಬಕ್ಕೂ ಬೆಳಗ್ಗೆಯಿಂದ ಸಂಜೆ ತನಕ ಬಾಗಿಲು ಮುಂದಕ್ಕೆ ಹಾಕದೆ ಕಾದಳು. ರವಿಚಂದ್ರ, "ನಾನೇ ಹೋಗಿ ಮಾತಾಡ್ಲಾ?" ಅಂದರೆ, "ಬ್ಯಾಡ. ಅವನ ಸಿಟ್ಟು ಅವನ್ದು, ನನ್ನ ಗೆರೆ ನಂದು," ಅಂದಳು. ಅಂದವಳು ಹಿತ್ತಲಿಗೆ ಹೋಗಿ ಅತ್ತಳು.

2004ರ ಫೆಬ್ರವರಿ. ಬೆಳಗ್ಗೆ ಹತ್ತೂಕಾಲಕ್ಕೆ ಆಫೀಸಿನ ಫೋನು ಬಡಿದುಕೊಂಡಿತು. ಪೊಲೀಸ್ ಸ್ಟೇಷನ್ನಿನಿಂದ. ಆನೇಮಹಲ್ಲಿಗೂ ದೋಣಿಗಲ್ಲಿಗೂ ನಡುವೆ ಡೀಸೆಲ್ ಟ್ಯಾಂಕರ್ ಮಗುಚಿದೆ, ಡ್ರೈವರ್ ಬದುಕಿದ್ದಾನೆ, ಎಣ್ಣೆ ಮೋರಿಗೆ ಇಳಿಯುತ್ತಿದೆ. ಲಿಯಾನ್ ಜೀಪು ಹತ್ತಿ ರಸ್ತೆಗೆ ಓಡಿದ. ಗಂಗಾಮಣಿ ನಕ್ಷೆ ಬಿಚ್ಚಲೂ ಇಲ್ಲ. ಆ ಮೋರಿ ಯಾವುದು ಅಂತ ಅವಳಿಗೆ ಹೇಳಬೇಕಾ? ಎಣ್ಣೆ ಹೊನ್ನೆಮರಕ್ಕೆ ಬರಲು ನಲವತ್ತು ನಿಮಿಷ. ಎರಡು ವರ್ಷ ತಿರುಗಿಸದ ನಂಬರನ್ನು ತಿರುಗಿಸಿದಳು.

"ಅಣ್ಣಾ, ನಾನು. ಒಡ್ಡು ಇವತ್ತು ಯಾವ ಕಡೀಕೈತೆ?"

"ನಮ್ ಕಡೀಕೆ. ಯಾಕೆ?"

ಹೇಳಿದಳು. ಯೋಗಾನಂದ ಅಂದ, "ಹಂಗಾರೆ ಈಗ್ಲೇ ಕಿತ್ತಾಕ್ತೀನಿ. ಹೊಸಗದ್ದೆ ಕಡೀಕ್ ಹೋಗ್ಲಿ."

"ಕೀಳ್ಬ್ಯಾಡ ಅಣ್ಣಾ! ಅಲ್ಲೂ ಬಾವಿ ಐತೆ, ಅಲ್ಲೂ ನೀರ್ ಕುಡಿಯೋರವ್ರೆ. ಇರೋ ಒಡ್ಡನ್ನೇ ಎತ್ತರ ಮಾಡು. ನಿನ್ ಸ್ಪ್ರಿಂಕ್ಲರ್ ಪೈಪ್ ತಗಂಡ್ ಹೋಗು. ಒಡ್ಡಿನ ಬುಡ್ದಾಗೆ ತೂರ್ಸಿ, ಒಂದು ತುದಿ ಹಿಂದಿನ ನೀರಿನ ತಳಕ್ಕೆ ಮುಳುಗಿಸು, ಇನ್ನೊಂದು ತುದಿ ಒಡ್ಡಿನಾಚೆ ಎತ್ತಿಡು, ಹಿಂದಿನ ನೀರಿನ ಮಟ್ಟಕ್ಕಿಂತ ಚೂರೇ ತಗ್ಗಲ್ಲಿ. ಕಾಲುವೆ ಬಾಯಿ ಮುಚ್ಚು. ಎಣ್ಣೆ ಮ್ಯಾಲೆ ತೇಲ್ತೈತೆ, ಕೆಳಗಿನ ನೀರು ಮಾತ್ರ ಪೈಪಲ್ಲಿ ಹೋಗ್ತೈತೆ. ಬೀಡಿ ಯಾರೂ ಹಚ್ಚೋ ಹಂಗಿಲ್ಲ. ತಿಳೀತಾ?"

"ಒಡ್ಡು ಕಟ್ಟೋದು ನಂಗೇ ಹೇಳ್ಕೊಡ್ತೀಯೇನೇ?" ಅಂತ ಫೋನ್ ಇಟ್ಟ.

ಗಂಗಾಮಣಿ ಚನ್ನಬಸವಯ್ಯನವರಿಗೂ ಫೋನ್ ಮಾಡಿ, ರವಿಚಂದ್ರನ ಸ್ಕೂಟರಿನ ಹಿಂದೆ ಕೂತು, ತೋಟದ ದಾರಿಯಲ್ಲಿ ಇಳಿದು ಓಡಿದಳು. ಹೊನ್ನೆಮರದ ಹತ್ತಿರ ಬಂದಾಗ ಇಪ್ಪತ್ತು ಜನ ಹಳ್ಳದಲ್ಲಿದ್ದರು. ಮೂವತ್ತು ವರ್ಷ ಗುಟ್ಟಾಗಿ ಒಡ್ಡು ಕಟ್ಟಿ, ಕಿತ್ತು, ಮತ್ತೆ ಕಟ್ಟಿದ ಕೈಗಳು! ಆ ಕೆಲಸಕ್ಕೆ ಅವರಿಗಿಂತ ಪರಿಣತರು ಯಾವ ಕಂಪನಿಯಲ್ಲಿ ಸಿಗುತ್ತಾರೆ ಹೇಳಿ? ಹೊಸಗದ್ದೆಯವರು ಎಣ್ಣೆ ಹೀರಲು ಹುಲ್ಲಿನ ಹೊರೆ ಹೊತ್ತು ಬಂದರು. ಹೊರೆ ಇಳಿಸುವಾಗ ಚನ್ನಬಸವಯ್ಯ, "ಯೋಗಾನಂದ, ಕಲ್ಲು ಆ ಕಡೆ ಕೂರ್ಸಪ್ಪಾ," ಅಂದರು. ಇವನು, "ಆಯ್ತು ಕಣಣ್ಣಾ," ಅಂದ. ಅವರಿಬ್ಬರು ಮಾತಾಡಿ ಎರಡು ವರ್ಷ ಆಗಿತ್ತು. ಮೊದಲು ವಾಸನೆ ಬಂತು, ಹಿಂದೆ ಬಣ್ಣ ಬಣ್ಣದ ತೆಳು ಪೊರೆ ಬಂತು, ಅದರ ಹಿಂದೆ ದಪ್ಪ ಎಣ್ಣೆ. ಒಡ್ಡಿಗೆ ಬಂದು ತಾಗಿ ನಿಂತಿತು. ಆಚೆ ಪೈಪಿನಿಂದ ತಿಳಿನೀರು ಬಿತ್ತು. ಗಂಗಾಮಣಿ ಅದನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

ಸಂಜೆಯೊಳಗೆ ಲಿಯಾನನ ಕಡೆಯವರು ಪಂಪು ತಂದು ಎಣ್ಣೆಯನ್ನು ಡ್ರಮ್ಮುಗಳಿಗೆ ಎಳೆದುಕೊಂಡರು. ಮೇಲಿನ ಹಳ್ಳದಲ್ಲಿ ಮೀನು ಸತ್ತವು, ಅದನ್ನು ತಡೆಯಲಾಗಲಿಲ್ಲ. ಎರಡೂ ಊರಿನ ಬಾವಿಯ ನೀರು ಪರೀಕ್ಷೆಗೆ ಹೋಗಿ ಕುಡಿಯಬಹುದು ಅಂತ ಬಂತು. ಯೋಗಾನಂದ ಅವತ್ತು ತಂಗಿಯ ಜೊತೆ ಮಾತಾಡಲಿಲ್ಲ, ಪೈಪು ಹೊತ್ತುಕೊಂಡು ಮನೆಗೆ ಹೋದ. ಅವಳೂ ಕರೆಯಲಿಲ್ಲ.

ವಾರ ಕಳೆದು, ಬಿಸಿಲು ಏರುವ ಹೊತ್ತಿಗೆ ಅವಳ ಆಫೀಸಿನ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಅಣ್ಣ. ಎರಡು ಕೈಯಲ್ಲಿ ಎರಡು ಜೊತೆ ಮೊರ, ಅರಿಶಿನದ ದಾರ ಸುತ್ತಿದ್ದು. ದೋಣಿಗಲ್ಲಿನ ಬಸ್ಸಿನಲ್ಲಿ ಅಷ್ಟು ದೂರ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದ.

"ಏನಣ್ಣಾ ಇದು? ಇವತ್ತು ಯಾವ ಹಬ್ಬ?"

"ಹಬ್ಬ ಗಿಬ್ಬ ಗೊತ್ತಿಲ್ಲ. ಎರಡು ಗೌರಿ ಹೋಗ್ಬುಟ್ವಲ್ಲ. ನಿಮ್ಮತ್ತಿಗೆ ಕಟ್ಕೊಟ್ಳು," ಅಂದ. ಮೇಜಿನ ಮೇಲೆ ಇಟ್ಟು, ಎಲ್ಲಿ ನೋಡಬೇಕು ಅಂತ ತಿಳಿಯದೆ ಗೋಡೆಯ ಕಡೆ ತಿರುಗಿದ. ಗೋಡೆಯ ಮೇಲೆ ಸೀಗೆಹಳ್ಳದ ನಕ್ಷೆ ಇತ್ತು. ಬಹಳ ಹೊತ್ತು ನೋಡಿದ. ನೀಲಿ ಗೆರೆಯ ಮೇಲೆ ಬೆರಳಿಟ್ಟು ಮೋರಿಯಿಂದ ಹೊನ್ನೆಮರದ ತನಕ ಬಂದ, ನಿಂತ, ಮತ್ತೆ ಹಿಂದಕ್ಕೆ ಹೋದ.

"ಗಂಗಾ, ಇಲ್ಲಿ ತಪ್ಪೈತೆ ಕಣೇ."

ಅವಳು ನಕ್ಷೆಯ ಹತ್ತಿರ ಬಂದಳು. "ಏನ್ ತಪ್ಪು? ನಾನೇ ನಡೆದಿದೀನಿ."

"ನಡೆದಿದ್ರೂ ನಿಂಗೆ ಕಾಣ್ಸಕ್ಕಿಲ್ಲ. ಮೋರಿಯಿಂದ ಈಚ್ಗೆ, ಜೋಡಿ ಬಂಡೆ ಹಿಂದೆ ಇನ್ನೊಂದು ಒಡ್ಡಿನ ಜಾಗ ಐತೆ. ಬರಗಾಲದಲ್ಲಿ ಮಾತ್ರ ಹಾಕೋದು. ನೀರು ಆಗ ಬ್ಯಾರೆ ದಿಕ್ಕಿಗೇ ಹೋಗ್ತೈತೆ. ಅಪ್ಪ ಸಾಯೋ ಮುಂಚೆ ನಂಗೊಬ್ನಿಗೇ ತೋರ್ಸಿದ್ದು. ಜಗದಾಂಬಂಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ."

ಗಂಗಾಮಣಿ ಮೇಜಿನ ಮೇಲಿದ್ದ ಬಾಗಿನದ ಮೊರವನ್ನು ಎತ್ತಿ ಎದೆಗೆ ಒತ್ತಿಕೊಂಡು ನಿಂತೇ ಇದ್ದಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಅಳ್ತಾ ನಿಂತ್ರೆ ಆಗಕ್ಕಿಲ್ಲ," ಅಂದ ಯೋಗಾನಂದ. "ನಡೀದೆ ಬರೆಯೋದಿಲ್ವಂತಲ್ಲ ನೀನು. ಚಪ್ಪಲಿ ಹಾಕ್ಕಾ, ತೋರಿಸ್ತೀನಿ ಬಾ."